ನೆರೆಯವರಿಲ್ಲದ ನೀತಿಪತ್ರ

ಸರಕಾರದ ನೀತಿಪತ್ರವೊಂದನ್ನು ಕಾದಂಬರಿ, ಕವನಸಂಕಲನಗಳಂತೆ ವಿಮರ್ಶೆಗೆ ಎತ್ತಿಕೊಳ್ಳುವುದುಂಟೆ ಎಂದು ವಾಚಕರು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ನೀತಿಪತ್ರವೂ ಒಂದು ಬರಹವೇ ತಾನೆ? ಅದಕ್ಕೂ ಒಬ್ಬ ನಾಯಕನಿರುತ್ತಾನೆ. ಹೇಳಿದ ಮಾತುಗಳಿರುವಂತೆ ಹೇಳದೆ ಬಿಟ್ಟ ಮಾತುಗಳೂ ಇರುತ್ತವೆ. ಕಾದಂಬರಿ ಹಿಡಿಸದಿದ್ದರೆ ಮುಚ್ಚಿಡಬಹುದು. ನೀತಿಪತ್ರವನ್ನು ನಾವು ಓದಲಿ, ಬಿಡಲಿ, ಅದು ನಮ್ಮ ಮನೆಯ ನಲ್ಲಿಯವರೆಗೆ, ಕರೆಂಟಿನ ಮೀಟರಿನವರೆಗೆ ಬಂದೇ ಬರುತ್ತದೆ. ಆದ್ದರಿಂದಲೇ ಈ ಸಲ ನಾನು ಓದಿದ್ದು ಉತ್ತರಪ್ರದೇಶ ಸರಕಾರ 2021ರಲ್ಲಿ ಹೊರತಂದ ಡೇಟಾ ಸೆಂಟರ್ ನೀತಿಯನ್ನು.

ಓದುವಂತೆ ಮಾಡಿದವನು ನಮ್ಮ ಹಾಲಿನವನು. ಒಂದು ಕಾಲಕ್ಕೆ ದೆಹಲಿಯ ಕನ್ನಡಿಗರೆಂದರೆ ರಾಮಕೃಷ್ಣಪುರಂ, ಲೋಧಿ ಕಾಲೋನಿ, ಕರೋಲ್‌ಬಾಗ್‌ಗಳ ನಿವಾಸಿಗಳು. ನಿವೃತ್ತಿಯಾಗಿ ಸರಕಾರಿ ಕ್ವಾರ್ಟರ್ಸು ಬಿಡಬೇಕಾದಾಗ, ಮಕ್ಕಳಿಗೆ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸವಾದಾಗ, ನಮ್ಮಲ್ಲಿ ಎಷ್ಟೋ ಮಂದಿ ಯಮುನೆಯನ್ನು ದಾಟಿ ನೋಯ್ಡಾ, ಗ್ರೇಟರ್ ನೋಯ್ಡಾ ಸೇರಿದೆವು. ನಾನೂ ಹಾಗೆ ಬಂದವನೇ. ನಮ್ಮ ಸೆಕ್ಟರಿಗೆ ಹಾಲು ತರುವಾತ ಹತ್ತಿರದ ಹಳ್ಳಿಯವನು. ಅವನ ತಂದೆ ಉತ್ತಿದ ಹೊಲದ ಮೇಲೆ ಈಗ ಸೆಕ್ಟರುಗಳು ಎದ್ದಿವೆ. ಒಂದು ಬೆಳಗ್ಗೆ ಅವನು ದೂರದಲ್ಲಿದ್ದ, ಕಿಟಕಿಗಳೇ ಕಾಣದ ದೊಡ್ಡ ಕಟ್ಟಡವನ್ನು ತೋರಿಸಿ, "ಬಾಬೂಜಿ, ಅದರೊಳಗೆ ಏನು ತಯಾರಾಗುತ್ತದೆ? ಮಾಲು ಹೊತ್ತ ಲಾರಿ ಒಳಗೆ ಹೋದದ್ದನ್ನೂ ಕಾಣೆ, ಹೊರಗೆ ಬಂದದ್ದನ್ನೂ ಕಾಣೆ" ಎಂದು ಕೇಳಿದ. "ನಿನ್ನ ಮೊಬೈಲಿನ ಫೋಟೋಗಳು ಇರುವುದು ಅಂಥ ಕಡೆಯೇ" ಎಂದೆ. ಅವನು ನಕ್ಕು ಸುಮ್ಮನಾಗಲಿಲ್ಲ. "ನಮ್ಮ ಹುಡುಗರಿಗೆ ಅಲ್ಲಿ ಎಷ್ಟು ಕೆಲಸ ಸಿಗುತ್ತದೆ? ನೀರು ಎಲ್ಲಿಂದ ತರುತ್ತಾರೆ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ನೀತಿಪತ್ರದಲ್ಲಿದ್ದೀತು ಎಂದುಕೊಂಡು ಅದನ್ನು ತೆರೆದೆ.

ಮೊದಲು ವಿಷಯವೇನೆಂದು ತಿಳಿಯೋಣ. ನಮ್ಮ ಹಳ್ಳಿಯ ಮನೆಗಳಲ್ಲಿ ಕಣಜವಿರುತ್ತಿತ್ತಲ್ಲ, ಡೇಟಾ ಸೆಂಟರ್ ಎಂದರೆ ಮಾಹಿತಿಯ ಕಣಜ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಆಸ್ಪತ್ರೆಯ ವರದಿ, ಮೊಮ್ಮಗುವಿನ ವೀಡಿಯೋ ಎಲ್ಲವೂ ಕೊನೆಗೆ ಇಂಥ ಕಟ್ಟಡಗಳ ಯಂತ್ರಗಳಲ್ಲಿ ತಂಗುತ್ತವೆ. ಕಣಜಕ್ಕೂ ಇದಕ್ಕೂ ಒಂದೇ ಭೇದ: ಕಣಜದ ರಾಗಿ ತಣ್ಣಗೆ ಬಿದ್ದಿರುತ್ತದೆ, ಇಲ್ಲಿನ ಯಂತ್ರಗಳು ಹಗಲಿರುಳು ದುಡಿಯುತ್ತ ಕಾಯುತ್ತಲೇ ಇರುತ್ತವೆ. ಒಳಗೆ ಹೋದ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಶಾಖವಾಗಿ ಹೊರಬರಬೇಕು. ಆ ಶಾಖವನ್ನು ಕಳೆಯಲು ನೀರು ಬೇಕು, ಇಲ್ಲವೆ ಮತ್ತಷ್ಟು ವಿದ್ಯುತ್ತು ಬೇಕು. ಭಾರತೀಯರ ಹಣಪಾವತಿಯ ಮಾಹಿತಿಯೆಲ್ಲ ಭಾರತದಲ್ಲಿಯೇ ಇರಬೇಕೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಆಜ್ಞೆ ಮಾಡಿದ ಮೇಲೆ ಇಂಥ ಕಣಜಗಳ ಬೇಡಿಕೆ ಏರಿತು. 2022ರಲ್ಲಿ ಕೇಂದ್ರ ಸರಕಾರ ಇವಕ್ಕೆ ರಸ್ತೆ, ಬಂದರುಗಳಿಗಿರುವಂಥ ಮೂಲಸೌಕರ್ಯದ ದರ್ಜೆಯನ್ನೂ ಕೊಟ್ಟಿತು.

ಈಗ ಕೃತಿಗೆ ಬರೋಣ. ಇದರ ಮೊದಲ ಗುಣ ಸ್ಪಷ್ಟತೆ. 250 ಮೆಗಾವಾಟ್ ಸಾಮರ್ಥ್ಯ, 20,000 ಕೋಟಿ ರೂಪಾಯಿ ಬಂಡವಾಳ, ಕಡೇಪಕ್ಷ 3 ಡೇಟಾ ಸೆಂಟರ್ ಪಾರ್ಕುಗಳು: ಇವು 2021ರ ಗುರಿ. ಮರುವರ್ಷವೇ ತಿದ್ದುಪಡಿಯಾಗಿ ಗುರಿ 900 ಮೆಗಾವಾಟ್, 30,000 ಕೋಟಿ, 8 ಪಾರ್ಕುಗಳಿಗೆ ಏರಿತು. ಈ ಗುರಿಯನ್ನು ಮುಟ್ಟಲು ಸರಕಾರ ಏನೇನು ಕೊಡುತ್ತದೆ ಎಂಬುದೂ ಅಷ್ಟೇ ಸ್ಪಷ್ಟ. ಭೂಮಿಯ ಬೆಲೆಯಲ್ಲಿ ರಿಯಾಯಿತಿ, ಸಾಲದ ಬಡ್ಡಿಯಲ್ಲಿ ಸಹಾಯ, ಮೊದಲ ನೋಂದಣಿಗೆ ಪೂರ್ತಿ ಮುದ್ರಾಂಕ ಶುಲ್ಕ ಮನ್ನಾ, 10 ವರ್ಷ ವಿದ್ಯುತ್ ಸುಂಕ ಮನ್ನಾ, ಒಂದು ಗ್ರಿಡ್ ಕೈಕೊಟ್ಟರೆ ಇನ್ನೊಂದಿರಲೆಂದು ಎರಡು ಗ್ರಿಡ್‌ಗಳ ಸಂಪರ್ಕ, ದಿನದ 24 ಗಂಟೆಯೂ ನೀರು. ಸರಕಾರಿ ಬರಹದಲ್ಲಿ ಇಷ್ಟು ನೇರವಾದ ಕೊಡುಗೈ ಅಪರೂಪ. ಬಂಡವಾಳ ಹೂಡುವವನಿಗೆ ಯಾವ ಗೊಂದಲವೂ ಉಳಿಯುವುದಿಲ್ಲ.

ಗೊಂದಲ ಉಳಿಯುವುದು ನಮ್ಮಂಥ ಓದುಗರಿಗೆ. ಇಡೀ ಕೃತಿಯ ನಾಯಕ ಬಂಡವಾಳಗಾರ. ಸರಕಾರ ಅವನ ಆತಿಥೇಯ. ಪಕ್ಕದ ಮನೆಯವನು ಪಾತ್ರವಾಗಿ ಎಲ್ಲಿಯೂ ಬರುವುದಿಲ್ಲ. ಗುರಿಗಳ ಪಟ್ಟಿಯಲ್ಲಿ ಮೆಗಾವಾಟುಗಳಿವೆ, ಕೋಟಿಗಳಿವೆ, ಪಾರ್ಕುಗಳ ಸಂಖ್ಯೆಯಿದೆ. ನೆರೆಯ ಹಳ್ಳಿಗೆ ಏನು ಬಂದಿತು, ಏನು ಹೋಯಿತು ಎಂದು ಅಳೆಯುವ ಒಂದು ಕೋಲು ಅಲ್ಲಿಲ್ಲ. ಎರಡು ಗ್ರಿಡ್‌ಗಳ ಸಂಪರ್ಕ ಒಬ್ಬನಿಗೆ ಸಿಕ್ಕರೆ ಕಡಿತದ ದಿನ ಕಾಯುವವನು ಯಾರು? 24 ಗಂಟೆ ನೀರು ಒಂದು ಕಡೆ ಹರಿದರೆ, ದಿನಕ್ಕೆರಡು ಹೊತ್ತು ಮಾತ್ರ ನಲ್ಲಿ ತಿರುಗಿಸುವ ಊರಿನ ಗತಿಯೇನು? ಉತ್ತರ ಭಯಪಡುವಂಥದ್ದೇ ಆಗಿರಬೇಕೆಂದಿಲ್ಲ. ಕೇಳಿಯೇ ಇಲ್ಲವಲ್ಲ ಎಂಬುದೇ ನನ್ನ ಆಕ್ಷೇಪಣೆ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 300 ಯೂನಿಟ್ ಸುಡುವ ಮನೆಗಳನ್ನು ಎಣಿಸಿದರೆ, ಎಡೆಬಿಡದೆ ನಡೆಯುವ 30 ಮೆಗಾವಾಟಿನ ಒಂದು ಕಟ್ಟಡ 72,000 ಮನೆಗಳಷ್ಟು ವಿದ್ಯುತ್ತನ್ನು ಉಣ್ಣುತ್ತದೆ. 2024ರ ಜೂನ್ 19ರಂದು ಬೇಗೆಯಲ್ಲಿ ಬೆಂದ ಇಡೀ ದೆಹಲಿಯ ಬೇಡಿಕೆ ತುತ್ತತುದಿಗೆ ಏರಿದಾಗ 8,656 ಮೆಗಾವಾಟ್ ಇತ್ತು; ನೀತಿಪತ್ರದ 900 ಮೆಗಾವಾಟ್ ಅದರ ಹತ್ತನೆಯ ಒಂದು ಪಾಲಿಗೂ ಮಿಗಿಲು. ನೀರಿನ ಲೆಕ್ಕವನ್ನು ಹೈಸ್ಕೂಲಿನ ವಿಜ್ಞಾನದಿಂದಲೇ ಮಾಡಬಹುದು. ಒಂದು ಮೆಗಾವಾಟ್ ಶಾಖವನ್ನು ನೀರು ಆವಿಯಾಗಿಸಿಯೇ ಕಳೆಯುವುದಾದರೆ ದಿನಕ್ಕೆ ಸುಮಾರು 36,000 ಲೀಟರ್ ಬೇಕು. 30 ಮೆಗಾವಾಟಿಗೆ 10 ಲಕ್ಷ 80 ಸಾವಿರ ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬ ಸರಕಾರಿ ಮಾನದಂಡದಲ್ಲಿ ಇದು 8,000 ಜನರ ಪಾಲು. ಎಲ್ಲ ಕೇಂದ್ರಗಳೂ ಹೀಗೆಯೇ ತಂಪಾಗುವುದಿಲ್ಲ; ಗಾಳಿಯಿಂದ ತಂಪು ಮಾಡುವ ವಿಧಾನವುಂಟು, ಚರಂಡಿ ನೀರನ್ನು ಶುದ್ಧಿಮಾಡಿ ಬಳಸುವ ದಾರಿಯೂ ಉಂಟು. ಗಾಳಿಯ ವಿಧಾನ ನೀರನ್ನು ಉಳಿಸಿ ವಿದ್ಯುತ್ತನ್ನು ಹೆಚ್ಚು ಬೇಡುತ್ತದೆ, ಲೂ ಬೀಸುವ ಮೇ-ಜೂನ್ ತಿಂಗಳುಗಳಲ್ಲಂತೂ ಇನ್ನೂ ಹೆಚ್ಚು. ಯಾವ ಕಟ್ಟಡ ಯಾವ ದಾರಿ ಹಿಡಿಯುತ್ತದೆ, ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ಹೇಳುವುದೇ ಅಧ್ಯಯನದ ಕೆಲಸ.

ಕಾಲವೂ ಕೆಲವೊಮ್ಮೆ ತಾನಾಗಿಯೇ ವಿಮರ್ಶೆ ಬರೆಯುತ್ತದೆ. ಗ್ರೇಟರ್ ನೋಯ್ಡಾದಲ್ಲಿ 20 ಎಕರೆಯ ಪಾರ್ಕಿನ ಮೊದಲ ಕಟ್ಟಡ, ಯೋಟ್ಟಾ ಕಂಪನಿಯ 28.8 ಮೆಗಾವಾಟಿನ ಕೇಂದ್ರ, ಮುಖ್ಯಮಂತ್ರಿ ಯೋಗಿ ಆದಿತ್ಯನಾಥರಿಂದ ಉದ್ಘಾಟನೆಯಾದದ್ದು 2022ರ ಅಕ್ಟೋಬರ್ 31ರಂದು. ಮರುದಿನವೇ ಅದೇ ಊರಿನ ಎಕ್ಸ್‌ಪೋ ಸೆಂಟರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಭಾರತ ಜಲಸಪ್ತಾಹವನ್ನು ಉದ್ಘಾಟಿಸಿದರು. ನೀರಿನ ಭದ್ರತೆ ಮತ್ತು ನೀರಿನ ನ್ಯಾಯ ಅಲ್ಲಿನ ವಿಷಯ. ಕಟ್ಟಡಗಳ ಕೆಲಸಕ್ಕೆ ಅಂತರ್ಜಲ ಎತ್ತಬಾರದೆಂದು 2013ರಲ್ಲಿ ಹಸಿರು ನ್ಯಾಯಮಂಡಳಿಯಿಂದ ಹೇಳಿಸಿಕೊಂಡ ಊರಿದು. ಕುಡಿಯಲು 85 ಕ್ಯೂಸೆಕ್ ಗಂಗಾಜಲವನ್ನು ಕೊಳವೆಯಲ್ಲಿ ತರಿಸಿಕೊಳ್ಳಬೇಕಾದ ಊರು. ಎರಡು ಸಮಾರಂಭಗಳೂ ಒಂದೇ ಊರಿನಲ್ಲಿ, ಬೆನ್ನುಬೆನ್ನಿಗೆ ನಡೆದವು. ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿ ಕಳೆದು ನೋಡುವವರು ಬೇಕಿದ್ದರು.

ಅಧ್ಯಯನವನ್ನು ಕಾನೂನು ಕೇಳುವುದಿಲ್ಲವೇ? ಕೇಳುತ್ತದೆ, ಆದರೆ ಬಾಗಿಲಿನಲ್ಲಿ ಸಂದು ಬಿಟ್ಟಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಡೇಟಾ ಸೆಂಟರ್ ಎಂಬ ಪ್ರತ್ಯೇಕ ಬಾಬು ಇಲ್ಲ. 20,000 ಚದರ ಮೀಟರಿಗೆ ಮೀರಿದ ಕಟ್ಟಡವೆಂಬ ಲೆಕ್ಕದಲ್ಲಿ ಅದು ಅನುಮತಿಗೆ ಬರುತ್ತದೆ. ಕಟ್ಟಡಗಳ ಬಾಬಿಗೆ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿಯುಂಟು. ಹೀಗಾಗಿ ವಸತಿಗೋಪುರಕ್ಕೂ ಸಾವಿರಾರು ಯಂತ್ರಗಳು ಉರಿಯುವ ಕಣಜಕ್ಕೂ ಒಂದೇ ತಕ್ಕಡಿ. ಇನ್ನು 2013ರ ಭೂಸ್ವಾಧೀನ ಕಾಯಿದೆ. ಇದೇ ಗೌತಮಬುದ್ಧ ನಗರ ಜಿಲ್ಲೆಯ ಭಟ್ಟಾ-ಪರ್ಸೌಲ್ ಹಳ್ಳಿಗಳಲ್ಲಿ 2011ರ ಮೇ ತಿಂಗಳಲ್ಲಿ ಭೂಮಿಯ ಜಗಳ ರಕ್ತಪಾತಕ್ಕೆ ತಿರುಗಿದ್ದನ್ನು ವಾಚಕರು ಮರೆತಿರಲಾರರು. ಆ ನೋವು ಈ ಕಾಯಿದೆಯ ಬೆನ್ನಿಗಿತ್ತು. ಪಂಚಾಯತಿಯನ್ನೋ ಪುರಸಭೆಯನ್ನೋ ಕೇಳಿ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಬೇಕು, ಜನರ ಮುಂದೆ ಅದನ್ನು ಓದಬೇಕು ಎನ್ನುತ್ತದೆ ಅದು. ಆದರೆ ಅದು ಹೊಸದಾಗಿ ಭೂಮಿ ವಶಪಡಿಸಿಕೊಳ್ಳುವಾಗಿನ ಮಾತು. ಎಂದೋ ವಶವಾಗಿ, ಸೆಕ್ಟರಾಗಿ, ನಕಾಶೆಯಲ್ಲಿ ನಂಬರು ಪಡೆದ ನಿವೇಶನವನ್ನು ಕಂಪನಿಗೆ ಹಂಚುವಾಗ ಯಾರೂ ಹಳ್ಳಿಯನ್ನು ಮತ್ತೆ ಕೇಳಬೇಕಾಗಿಲ್ಲ.

ಕೇಳಬೇಕೆಂದರೂ ಕೇಳುವುದು ಯಾರನ್ನು? ನನ್ನ ಮುಖ್ಯ ಮಾತು ಇಲ್ಲಿದೆ. ಸ್ಥಳೀಯ ಸರಕಾರ ಅಧ್ಯಯನ ಮಾಡಲಿ ಎನ್ನುವುದು ಸುಲಭ. ನಮ್ಮಲ್ಲಿ ಸ್ಥಳೀಯ ಸರಕಾರವೆಂಬುದೇ ಇಲ್ಲ. ನೋಯ್ಡಾ ಹುಟ್ಟಿದ್ದು 1976ರಲ್ಲಿ, ಗ್ರೇಟರ್ ನೋಯ್ಡಾ 1991ರಲ್ಲಿ. ಎರಡೂ ಕೈಗಾರಿಕಾ ಅಭಿವೃದ್ಧಿ ಪ್ರಾಧಿಕಾರಗಳು. ಸಂವಿಧಾನದ 243-ಕ್ಯೂ ವಿಧಿಯಲ್ಲಿ ಕೈಗಾರಿಕಾ ಪಟ್ಟಣವೆಂಬ ಒಂದು ಅಪವಾದವಿದೆ. ಆ ಅಪವಾದದ ನೆರಳಿನಲ್ಲಿ ಲಕ್ಷಾಂತರ ಜನ ವಾರ್ಡಿಲ್ಲದೆ, ಕೌನ್ಸಿಲರಿಲ್ಲದೆ ಬದುಕುತ್ತಿದ್ದೇವೆ. ಪ್ರಾಧಿಕಾರದ ಹಳ್ಳಿಗಳಲ್ಲಿ ಬಹುಪಾಲಿಗೆ 2015ರ ಚುನಾವಣೆಯಿಂದ ಪಂಚಾಯತಿಯೂ ಇಲ್ಲವಾಯಿತು. ಭೂಮಿ ಕೊಳ್ಳುವುದೂ ಪ್ರಾಧಿಕಾರ, ಮಾರುವುದೂ ಪ್ರಾಧಿಕಾರ, ನಕಾಶೆಗೆ ಮಂಜೂರಾತಿ ಕೊಡುವುದೂ ಪ್ರಾಧಿಕಾರ, ನೀರು ಹರಿಸುವುದೂ ಪ್ರಾಧಿಕಾರ. ಹೆಣ್ಣಿನ ಕಡೆಯವರೂ ತಾವೇ, ಗಂಡಿನ ಕಡೆಯವರೂ ತಾವೇ, ಜಾತಕ ನೋಡುವ ಜೋಯಿಸರೂ ತಾವೇ ಆದರೆ ಮದುವೆಗೆ ತೊಡಕು ಹೇಳುವವರು ಯಾರು? 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಈ ಮಾತನ್ನು ಎತ್ತಿಕೊಂಡಿತು. ನೋಯ್ಡಾವನ್ನು ಮಹಾನಗರ ಪಾಲಿಕೆಯಾಗಿಸುವ ಸಲಹೆಯನ್ನು ಮಂತ್ರಿಮಂಡಲದ ಮುಂದಿಡಬೇಕೆಂದೂ, ಪರಿಸರ ಪರಿಣಾಮದ ಪರಿಶೀಲನೆಯಿಲ್ಲದೆ ಅಲ್ಲಿ ಹೊಸ ಯೋಜನೆ ಕೈಗೊಳ್ಳಬಾರದೆಂದೂ ಹೇಳಿತು. ಜನರ ಪಾಲಿಕೆ ಮತ್ತು ಪರಿಣಾಮದ ಪರಿಶೀಲನೆ, ಎರಡರ ಮಾತೂ ಒಂದೇ ಆದೇಶದಲ್ಲಿ ಬಂದದ್ದು ಯೋಚಿಸತಕ್ಕ ವಿಷಯ.

ಸ್ಥಳೀಯ ಸರಕಾರವಿದ್ದಲ್ಲಿ ಏನಾಗುತ್ತದೆ? ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ, ವಾಷಿಂಗ್ಟನ್ನಿನ ಪಕ್ಕದ ಲೌಡನ್ ಕೌಂಟಿ ಜಗತ್ತಿನಲ್ಲೇ ಡೇಟಾ ಸೆಂಟರುಗಳು ಅತಿ ದಟ್ಟವಾಗಿರುವ ಜಾಗ. ಕಾವೇರಿ ಕನ್ನಡ ಸಂಘದ ಆ ಸೀಮೆಯಲ್ಲಿ ನಮ್ಮವರೂ ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿನ ಶಾಸನಸಭೆಯ ಲೆಕ್ಕಪರಿಶೋಧನಾ ಆಯೋಗ 2024ರ ಡಿಸೆಂಬರಿನಲ್ಲಿ ಒಂದು ವರದಿ ಕೊಟ್ಟಿತು. ಅದರ ಸೊಗಸು ಅದರ ನಿಷ್ಪಕ್ಷಪಾತದಲ್ಲಿದೆ. ಎರಡೂವರೆ ಲಕ್ಷ ಚದರ ಅಡಿಯ ಸಾಮಾನ್ಯ ಕೇಂದ್ರವೊಂದನ್ನು ಕಟ್ಟುವಾಗ ಕೆಲಸ ಭರದಲ್ಲಿದ್ದ ಹೊತ್ತಿಗೆ 1,500 ಮಂದಿಗೆ ದುಡಿಮೆ, ಕಟ್ಟಿ ಮುಗಿದ ಮೇಲೆ ಕಾಯಂ ಕೆಲಸ ಸುಮಾರು 50 ಮಂದಿಗೆ ಎಂದು ಅದು ಹೇಳಿತು. ನಮ್ಮ ಹಾಲಿನವನ ಮೊದಲ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಅಲ್ಲಿ! ತಡೆಯಿಲ್ಲದೆ ಬೆಳೆದರೆ ರಾಜ್ಯದ ವಿದ್ಯುತ್ ಬೇಡಿಕೆ 10 ವರ್ಷದಲ್ಲಿ ಇಮ್ಮಡಿಯಾದೀತೆಂದು ಎಚ್ಚರಿಸಿತು. ಆದರೆ ನೀರಿನ ವಿಷಯದಲ್ಲಿ, ಹೆಚ್ಚಿನ ಕೇಂದ್ರಗಳು ದೊಡ್ಡ ಕಚೇರಿಯೊಂದರಷ್ಟೇ ಇಲ್ಲವೆ ಅದಕ್ಕೂ ಕಡಿಮೆ ನೀರು ಬಳಸುತ್ತವೆ, ಕೆಲವು ಮಾತ್ರ ಬಹಳ ಹೆಚ್ಚು ಎಂದು ಹೇಳಿ ಭಯಸ್ಥರ ಬಾಯನ್ನೂ ಮುಚ್ಚಿಸಿತು. ಅಧ್ಯಯನವೆಂದರೆ ವಿರೋಧವೆಂದು ತಿಳಿದವರು ಇದನ್ನು ಗಮನಿಸಬೇಕು. ಅದು ಹೆದರಿದವನಿಗೂ ಹೊಗಳುವವನಿಗೂ ಒಂದೇ ಅಳತೆಗೋಲು ಕೊಡುತ್ತದೆ.

ಕೆಳಗಿನ ಹಂತದಲ್ಲಿ ಕೌಂಟಿಗಳೂ ಸುಮ್ಮನಿರಲಿಲ್ಲ. ಫೇರ್‌ಫ್ಯಾಕ್ಸ್ ಕೌಂಟಿ ತನ್ನ ಸಿಬ್ಬಂದಿಯಿಂದ ಅಧ್ಯಯನ ಮಾಡಿಸಿ, 2024ರ ಸೆಪ್ಟೆಂಬರಿನಲ್ಲಿ ಮನೆಗಳ ಗಡಿಯಿಂದ ದೂರ, ಕಟ್ಟುವ ಮೊದಲು ಸದ್ದಿನ ಪರೀಕ್ಷೆ ಮುಂತಾದ ನಿಯಮಗಳನ್ನು ತಂದಿತು. ಲೌಡನ್ 2025ರ ಮಾರ್ಚಿನಲ್ಲಿ, ಇನ್ನು ಮೇಲೆ ಯಾವ ಕೇಂದ್ರಕ್ಕೂ ತಾನಾಗಿ ಅನುಮತಿಯಿಲ್ಲ, ಪ್ರತಿಯೊಂದೂ ಜನರ ಮುಂದೆ ವಿಚಾರಣೆಗೆ ಬರಬೇಕು ಎಂದಿತು. ಈ ಕೇಂದ್ರಗಳ ತೆರಿಗೆಯಿಂದಲೇ ಆ ಕೌಂಟಿಯ ಬೊಕ್ಕಸ ತುಂಬುತ್ತಿರುವುದು ಎಂಬುದನ್ನು ನೆನೆದರೆ ಈ ನಿರ್ಧಾರದ ತೂಕ ತಿಳಿದೀತು. ಅವರು ಕೇಂದ್ರಗಳನ್ನು ಓಡಿಸಲಿಲ್ಲ. ಕೇಳದೆ ಬರಬೇಡಿ ಎಂದರು, ಅಷ್ಟೇ. ಹೀಗೆ ಹೇಳಲು ಅಲ್ಲಿ ಮತದಿಂದ ಆರಿಸಿ ಬಂದ ಒಂದು ಸಭೆಯಿತ್ತು.

ಪರದೇಶದ ಮಾತೇಕೆ, ನಮ್ಮ ಕನ್ನಡನಾಡಿನಲ್ಲೇ ಈ ಪಾಠವಿದೆ. ಕೊಳವೆಬಾವಿಗಳನ್ನು ಕೊರೆಸಿ 'ನೀರ್ ಸಾಬ್' ಎನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬರೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಶಿಲ್ಪಿಯೂ ಹೌದು. 1987ರಲ್ಲಿ ಅವಕ್ಕೆ ಚುನಾವಣೆ ನಡೆಯಿತು. ಊರಿಗೆ ನೀರು ಕೊಡುವುದೂ ಊರಿಗೆ ಮಾತು ಕೊಡುವುದೂ ಬೇರೆಯಲ್ಲ ಎಂಬುದು ಆ ಮನುಷ್ಯನ ಕೆಲಸದಿಂದ ನಾವು ಕಲಿಯಬಹುದಾದದ್ದು. ಹಾಗೆಂದು ತವರಿನ ಬಗ್ಗೆ ಬೀಗುವಂತೆಯೂ ಇಲ್ಲ. ಕರ್ನಾಟಕ ಸರಕಾರವೂ 2022-27ರ ಅವಧಿಗೆ ಡೇಟಾ ಸೆಂಟರ್ ನೀತಿಯನ್ನು ತಂದಿದೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಬಡಾವಣೆಗಳು ಟ್ಯಾಂಕರಿಗಾಗಿ ಕಾದದ್ದನ್ನು ಊರಿನಿಂದ ಬಂದ ಫೋನುಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಇಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಅಲ್ಲಿಯೂ ಕೇಳಬೇಕು.

ನನ್ನ ಮಾತಿಗೆ ಎದುರು ಮಾತುಂಟು. "ಮೂರು ಹೊತ್ತೂ ಮೊಬೈಲು ಹಿಡಿದು ಕೂರುವವರು ನಾವೇ, ಕಣಜ ಬೇಡವೆಂದರೆ ಕಾಳು ಎಲ್ಲಿಡುವುದು?" ಎಂದು ನನ್ನ ಮಗನೇ ಕೇಳಿದ. ಅವನ ಸಂಬಳವೂ ಆ ಲೋಕದ್ದೇ. ಒಪ್ಪಿದೆ. ಕಣಜ ಬೇಕು, ನಮ್ಮ ದೇಶದಲ್ಲಿಯೇ ಬೇಕು. ಆದರೆ ಕಣಜ ಕಟ್ಟುವ ಮನೆಯವನು ಪಕ್ಕದವನ ಬಾವಿಯನ್ನು ನೋಡಿಕೊಂಡು ಕಟ್ಟುತ್ತಾನೆ. ನಾನು ಕೇಳುವುದು ಇಷ್ಟೇ: ನಿವೇಶನ ಹಂಚುವ ಮೊದಲು ಒಂದು ಅಧ್ಯಯನವಾಗಲಿ, ಹಳ್ಳಿಯವನು ಓದಬಲ್ಲ ಹಿಂದಿಯಲ್ಲಿ ಅದು ಪ್ರಕಟವಾಗಲಿ. ತಂಪು ಮಾಡುವುದು ಹೇಗೆ, ನೀರು ಎಲ್ಲಿಯದು? ವಿದ್ಯುತ್ತು ಕಡಿಮೆಯಾದ ದಿನ ಮೊದಲು ಕಡಿತ ಯಾರಿಗೆ? ಚಳಿಗಾಲದ ಹೊಗೆಯಲ್ಲಿ ನಮ್ಮ ಸೊಸೈಟಿಯ ಜನರೇಟರಿಗೆ ನಿರ್ಬಂಧವಿರುವಾಗ, ಅಲ್ಲಿ ಸಾಲಾಗಿ ನಿಂತ ಡೀಸೆಲ್ ಯಂತ್ರಗಳ ಹೊಗೆಯನ್ನೂ ಸದ್ದನ್ನೂ ಅಳೆಯುವವರು ಯಾರು? ಕಾಯಂ ಕೆಲಸ ಎಷ್ಟು, ಅದರಲ್ಲಿ ಸುತ್ತಲಿನ ಹಳ್ಳಿಗಳ ಪಾಲೆಷ್ಟು? ಮನ್ನಾ ಆದ ಸುಂಕಗಳನ್ನು ಕಳೆದು ಈ ಊರಿಗೆ ಉಳಿಯುವುದೆಷ್ಟು? ಐದೇ ಪ್ರಶ್ನೆಗಳು. ಉತ್ತರ ಚೆನ್ನಾಗಿದ್ದರೆ ಉದ್ಘಾಟನೆಗೆ ನಾವೂ ಹೋಗಿ ಚಪ್ಪಾಳೆ ತಟ್ಟೋಣ.

ಕೊನೆಗೆ ನಮ್ಮ ಬಗ್ಗೆಯೇ ಒಂದು ಮಾತು. ವಿಮರ್ಶಕ ಕೃತಿಯಲ್ಲಿ ದೋಷ ಹುಡುಕಿದಂತೆ ಓದುಗನಲ್ಲಿಯೂ ಹುಡುಕಬೇಕು. ಕೌನ್ಸಿಲರಿಲ್ಲದ ಊರು ನಮಗೆ ಹಾಯಾಗಿಯೇ ಇತ್ತು. ರಸ್ತೆ ಅಗಲ, ಪಾರ್ಕು ಹಸಿರು, ಚುನಾವಣೆಯ ಗಲಾಟೆಯಿಲ್ಲ. "ನಾವು ಪರಸ್ಥಳದವರು, ನಮಗೇಕೆ ಇಲ್ಲಿಯ ಉಸಾಬರಿ" ಎಂದು ಗೇಟಿನೊಳಗೆ ರಾಜ್ಯೋತ್ಸವ ಮಾಡಿಕೊಂಡು ಇದ್ದುಬಿಟ್ಟೆವು. ಮೂವತ್ತು ವರ್ಷ ಇಲ್ಲಿಯ ನೀರು ಕುಡಿದ ಮೇಲೆ ಪರಸ್ಥಳ ಯಾವುದು, ಸ್ವಸ್ಥಳ ಯಾವುದು? ಮತ ಕೊಟ್ಟು ಆರಿಸುವ ಪಾಲಿಕೆಗಾಗಿ ನಾವು ಬಾಯಿಬಿಟ್ಟು ಕೇಳಿದವರಲ್ಲ. ಹಳ್ಳಿಯವರ ಪಂಚಾಯತಿ ಹೋದಾಗ ನಮಗೆ ಅದು ಸುದ್ದಿಯೂ ಆಗಲಿಲ್ಲ. ನೀತಿಪತ್ರದಲ್ಲಿ ನೆರೆಯವನು ಇಲ್ಲವೆಂದು ಆಕ್ಷೇಪಿಸುವ ನಾವು, ನಮ್ಮ ನೆರೆಯವನನ್ನು ನೋಡಿದ್ದು ಹಾಲಿನ ಕ್ಯಾನು ಹಿಡಿದಾಗ ಮಾತ್ರ.

ಈ ಐದು ಪ್ರಶ್ನೆಗಳನ್ನು ನಮ್ಮ ಸೊಸೈಟಿಯ ಸಂಘದ ಮುಂದಿನ ಸಭೆಯಲ್ಲಿ ಓದುವುದೆಂದು ನಿಶ್ಚಯಿಸಿದ್ದೇನೆ. ಹಿಂದಿಯಲ್ಲಿ ಬರೆದುಕೊಂಡಿದ್ದೇನೆ, ವ್ಯಾಕರಣ ತಿದ್ದಿಸಲು ನಮ್ಮ ಹಾಲಿನವನ ಮಗಳಿಗೆ ಕೊಟ್ಟಿದ್ದೆ, ಅವಳು ಕಾಲೇಜಿನಲ್ಲಿ ಓದುತ್ತಾಳೆ. ಅವಳು ತಪ್ಪುಗಳನ್ನು ತಿದ್ದಿ, ಕೆಳಗೆ ತನ್ನದೊಂದು ಆರನೆಯ ಪ್ರಶ್ನೆಯನ್ನು ಸೇರಿಸಿ ಕೊಟ್ಟಿದ್ದಾಳೆ: "ಇದನ್ನೆಲ್ಲ ನಿರ್ಧರಿಸುವ ಸಭೆಯಲ್ಲಿ ನಮ್ಮ ಹಳ್ಳಿಯವರು ಎಲ್ಲಿ ಕೂರಬೇಕು?"